ಗಾಜಿನ ತಟ್ಟೆಯಲ್ಲಿ ಬಲಿತ ಕಣಗಳು

ಇಂಡಿ ಊರಿನ ನಮ್ಮ ಮನೆಯಲ್ಲಿ ಚರ್ಚಾಸ್ಪರ್ಧೆಗೆ ತಯಾರಾಗುವ ಪದ್ಧತಿಯೊಂದಿತ್ತು. ನಾನು ವಿಷಯ ಮಂಡಿಸಬೇಕು, ತಂಗಿ ಪ್ರಶ್ನೆ ಹಾಕಬೇಕು. ಅವಳ ಪ್ರಶ್ನೆ ನಿಂತರೆ ನಾನು ಗೆದ್ದಂತೆ. ಸೋತವರು ಗೆದ್ದವರ ಮಾತು ಕೇಳಬೇಕು. ಅವಳ ಪ್ರಶ್ನೆ ಎಂದೂ ನಿಲ್ಲುತ್ತಿರಲಿಲ್ಲ, ಅದು ಬೇರೆ ಮಾತು.

ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಸೊಲ್ಲಾಪುರದ ಡಾಕ್ಟರು ಹೇಳಿಯಾಗಿತ್ತು. ಒಂದು ಸುತ್ತು ಔಷಧ ತೆಗೆದುಕೊಂಡು ಬಂದವಳು, ಮತ್ತೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ಮನೆಯವರು ಹರಕೆ, ತಾಯಿತ ಎನ್ನತೊಡಗಿದರು. ಅವನ್ನೆಲ್ಲ ನಾನು ಎರಡು ಮಾತಿನಲ್ಲಿ ಕೆಡವಬಲ್ಲೆ. ಕೆಡವಿದ ಜಾಗದಲ್ಲಿ ಇಡಲು ನನ್ನ ಹತ್ತಿರ ಏನಿತ್ತು? ಕಾಲೇಜಿನ ವಾಚನಾಲಯದಲ್ಲಿ ಓದಿದ ಒಂದು ವಿಜ್ಞಾನ ಲೇಖನ, ಅಷ್ಟೇ.

ಅವಳನ್ನು ಮತ್ತೆ ಆಸ್ಪತ್ರೆಗೆ ಹೊರಡಿಸಲು ಅದನ್ನೇ ಅವಳ ಹಾಸಿಗೆಯ ಪಕ್ಕ ಕೂತು ಮಂಡಿಸಿದೆ. ಈ ರೋಗದಲ್ಲಿ ಬಿಳಿ ರಕ್ತಕಣಗಳು ಬಲಿಯುವುದಿಲ್ಲ. ಎಳಸಾಗಿಯೇ ಉಳಿದು ಹೆಚ್ಚುತ್ತ ಹೋಗುತ್ತವೆ. ಪ್ರಯೋಗಶಾಲೆಯಲ್ಲಿ ಅಂಥ ಕಣಗಳಿಗೆ ಡೈಮಿಥೈಲ್ ಸಲ್ಫಾಕ್ಸೈಡ್ ಎಂಬ ಸಾಧಾರಣ ದ್ರಾವಕ ಬೆರೆಸಿದರೆ ಬಲಿಯುತ್ತವೆ, ಕ್ರಿಮಿ ನುಂಗುವುದನ್ನು ಕಲಿಯುತ್ತವೆ, ಹೆಚ್ಚುವುದನ್ನು ಬಿಡುತ್ತವೆ. ವಿಷ ಹಾಕಿ ಕೊಲ್ಲಬೇಕಿಲ್ಲ, ಬೆಳೆಸಿದರೆ ಸಾಕು.

“ಇಲಿ ಕಣಾನೋ, ಮನಷ್ಯಾರವೋ?”

“ಮನಷ್ಯಾರವ. ನಿನ್ನಂಗ ಒಬ್ಬಾಕಿ ಪೇಶಂಟಿನವು.”

“ಮೈಯಾಗ ಬಲತಾವೋ, ಗಾಜಿನ ತಟ್ಟಿಯಾಗೋ?”

“ಸದ್ಯ ತಟ್ಟಿಯಾಗ.”

“ಹಂಗಾರ ತಟ್ಟೀಗೆ ಆರಾಮಾತು ಅನ್ರಿ, ವಕೀಲಸಾಹೇಬ್ರ!”

ನಕ್ಕಳು. ಒಸಡಿನಿಂದ ಜಿನುಗಿದ ರಕ್ತವನ್ನು ಟವೆಲ್ಲಿನಲ್ಲಿ ಒರೆಸಿಕೊಂಡಳು. ಆ ಔಷಧ ಸೊಲ್ಲಾಪುರಕ್ಕೆ ಬರುವುದು ಯಾವಾಗ? ಅವಳು ಕೇಳಬೇಕಾದ ಮುಂದಿನ ಪ್ರಶ್ನೆ ಅದೇ. ಅವಳು ನನ್ನ ಮುಖವನ್ನೇ ನೋಡಿದಳು.

“ಆತು ಬಿಡೋ ಅಣ್ಣಾ. ನನ್ನ ಪ್ರಶ್ನಿ ಮುಗದ್ವು. ನೀ ಗೆದ್ದಿ.”

“ಇನ್ನೊಂದು ಐತಿ. ಕೇಳು.”

“ಏನೂ ಇಲ್ಲ. ಮುಂಜಾನಿ ಬಸ್ಸಿಗೆ ಹೋಗೂಣು.”

ಸೊಲ್ಲಾಪುರದ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದ ಅಕ್ಕಲಕೋಟದ ಪುಟ್ಟ ಹುಡುಗಿಗೂ ಅದೇ ರೋಗ. ಅದು ಸೂಜಿ ಕಂಡರೆ ಚೀರುತ್ತಿತ್ತು. ತಂಗಿ ಅದಕ್ಕೆ ನನ್ನ ವಾದವನ್ನೇ ಒಪ್ಪಿಸಿದಳು, ತಟ್ಟೆಯ ಮಾತೊಂದನ್ನು ಬಿಟ್ಟು. “ಕಣ ಬಲತಾವಂತ, ಸ್ವಲ್ಪ ತಡಕೋ. ಹೌದಿಲ್ಲೋ ಅಣ್ಣಾ?”

“ಹೌದು,” ಎಂದೆ.

ಮಳೆಗಾಲಕ್ಕೆ ಮೊದಲೇ ತಂಗಿ ತೀರಿಕೊಂಡಳು. ಅವಳ ಹಾಸಿಗೆ ಸುತ್ತುತ್ತಿದ್ದಾಗ ಪಕ್ಕದ ಮಂಚದಿಂದ ದನಿ ಬಂತು:

“ಅಣ್ಣಾರ, ಅಕ್ಕಾರ ಕಣ ಬಲತಿದ್ವೇನ್ರಿ?”