ಆಮೆಯ ಬೆನ್ನೇರಿ ಹೋದ ಅಜ್ಜಿ, ಅಲ್ಲಾಬಕ್ಷರ ಮೈಕು

ಬೆಳಗಿನ ಆರು ಗಂಟೆ. ಹೊನ್ನಾಳಿಯ ಹೊಳೆದಂಡೆಯಲ್ಲಿ ಅಲ್ಲಾಬಕ್ಷರು ಮೊಣಕಾಲುದ್ದ ನೀರಿನಲ್ಲಿ ನಿಂತು ಬಿಳಿ ಬಟ್ಟೆಯೊಂದನ್ನು ಒಗೆಯುತ್ತಿದ್ದಾರೆ. ಎಷ್ಟು ಎಳೆದರೂ ಮುಗಿಯದ ಬಟ್ಟೆ ಅದು. ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ, ನಡುವೆ ಒಂದು ಹೊಲಿಗೆ. ಮೆಟ್ಟಿಲ ಮೇಲೆ ಬೇವಿನ ಕಡ್ಡಿ ಜಗಿಯುತ್ತ ಕೂತ ದಾಸಪ್ಪನಿಗೆ ಬಹಳ ಹೊತ್ತಿನಿಂದ ಅದರ ಮೇಲೇ ಕಣ್ಣು.

"ಏನ್ ಸಾಬ್ರೆ, ಇಷ್ಟುದ್ದದ ಹೆಣ ಎಲ್ಲಿ ಸಿಕ್ತು?"

"ಹೆಣ ಅಲ್ಲ ದಾಸಪ್ಪ, ಆಮೆ. ಇವತ್ತು ಮಧ್ಯಾಹ್ನ ಸೂಳೆಕೆರೆಗೆ ಹೊಂಟೈತೆ."

ದಾಸಪ್ಪ ಕಡ್ಡಿ ಉಗುಳುತ್ತಾನೆ. ನಗುವುದಿಲ್ಲ. "ಅಜ್ಜೀನೂ ಕರ್ಕೊಂಡು ಹೋಗ್ತೀರೋ, ಅಕಿ ಇನ್ನೂ ಊರಿಂದ ಬಂದಿಲ್ವೋ?"

ಅಲ್ಲಾಬಕ್ಷರು ತಲೆ ತಗ್ಗಿಸಿ ಸಿನಿಮಾ ಪರದೆ ಹಿಂಡುತ್ತಾರೆ. ಎರಡು ವಾರದಿಂದ ಈ ಮಾತು ಚಹಾದಂಗಡಿಯಲ್ಲೂ ಕೇಳುತ್ತದೆ, ಬಸ್ ಸ್ಟ್ಯಾಂಡಿನಲ್ಲೂ ಕೇಳುತ್ತದೆ.

ಐವತ್ತೆಂಟರ ಅಲ್ಲಾಬಕ್ಷರು ಊರಿನವರಿಗೆ 'ಮೈಕ್ ಅಲ್ಲಾಬಕ್ಷ್'. ಆಟೋದ ನೆತ್ತಿಗೆ ಎರಡು ಸ್ಪೀಕರ್ ಕಟ್ಟಿಕೊಂಡು ಸುದ್ದಿ ಸಾರುವುದು ಅವರ ಇಪ್ಪತ್ತಾರು ವರ್ಷದ ಕಸುಬು. ನಾಳೆ ನಲ್ಲಿ ನೀರು ಬರುವುದಿಲ್ಲ, ಕಣ್ಣಿನ ತಪಾಸಣೆ ಶಿಬಿರ ಇದೆ, ಕಂದು ಬಣ್ಣದ ಆಕಳು ತಪ್ಪಿಸಿಕೊಂಡಿದೆ. ದಿನಕ್ಕೆ ಮೂರೋ ನಾಲ್ಕೋ ಇಂಥವು. ಆದರೆ ಊರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುವುದು ಸಾವಿನ ಸುದ್ದಿಗೆ. ಯಾರು ತೀರಿಕೊಂಡರು, ಯಾವ ಓಣಿ, ಮಣ್ಣು ಎಷ್ಟು ಹೊತ್ತಿಗೆ. ಇಪ್ಪತ್ತೆರಡು ಕಡೆ ಆಟೋ ನಿಧಾನ ಮಾಡಿ, ಒಂದೊಂದು ಕಡೆ ಮೂರು ಮೂರು ಸಲ ಹೇಳುತ್ತಾರೆ. ಹೆಸರು ತಪ್ಪಿದ್ದಿಲ್ಲ, ಹೊತ್ತು ತಪ್ಪಿದ್ದಿಲ್ಲ. ಅವರ ದನಿ ಕೇಳಿದ ಮೇಲೆ ಹಾರ ಕಟ್ಟಿಸಲು ಹೋಗುವುದಷ್ಟೇ ಬಾಕಿ ಎಂದು ಊರು ನಂಬಿತ್ತು.

ಆ ನಂಬಿಕೆಗೆ ಈಗ ಕುತ್ತು ಬಂದಿರುವುದು ಒಂದು ಜಪಾನಿ ಸಿನಿಮಾದಿಂದ.

ಶಿವಮೊಗ್ಗದಲ್ಲಿ ಸಿನಿಮಾ ಹುಚ್ಚಿನ ಕೆಲವು ಮೇಷ್ಟರ ಬಳಗವೊಂದಿದೆ. ಹಳ್ಳಿಗಳಲ್ಲಿ ತೋರಿಸಲು ಅನುಮತಿ ಪಡೆದು ಅವರು ತಂದ ಚಿತ್ರವಿದು. ನಟಿಸುವ ಮನುಷ್ಯರಿಲ್ಲ, ಎಲ್ಲ ಕೈಯಲ್ಲಿ ಬರೆದ ಚಿತ್ರ. ಒಂದು ದೊಡ್ಡ ಕೆರೆ, ದಂಡೆಯಲ್ಲಿ ಅಜ್ಜಿ ಮೊಮ್ಮಗಳು, ನೀರಿನಲ್ಲಿ ಬೆನ್ನ ಮೇಲೆ ಕಾಡನ್ನೇ ಬೆಳೆಸಿಕೊಂಡ ಆಮೆ. ಅಜ್ಜಿ ದೋಣಿಯಲ್ಲಿ ಹೋಗಿ ಆಮೆಯ ಬೆನ್ನೇರಿ ಊರಿಗೆ ಬೇಕಾದ ಮದ್ದಿನ ಗಿಡ ಕಿತ್ತು ತರುತ್ತಾಳೆ. ಮಾತೆಲ್ಲ ಜಪಾನಿ, ಕೆಳಗೆ ಸಾಲಾಗಿ ಇಂಗ್ಲಿಷ್ ಅಕ್ಷರ. ಹಳ್ಳಿಯಲ್ಲಿ ಓದುವವರ್‍ಯಾರು? ಮೇಷ್ಟರು ಅಲ್ಲಾಬಕ್ಷರನ್ನು ಹುಡುಕಿಕೊಂಡು ಬಂದರು. ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಗಳು ನುಜಹತ್, ಅಷ್ಟೂ ಮಾತನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಿಕೊಟ್ಟರು. ಅಪ್ಪ ಒಂದು ತಿಂಗಳು ಕೂತು ಬಾಯಿಪಾಠ ಮಾಡಿದರು.

ಪರದೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಒಂದೊಂದು ಮಾತು ಮುಗಿದ ಮೇಲೂ ಅದನ್ನು ಕನ್ನಡದಲ್ಲಿ ಹೇಳುತ್ತಾರೆ. ಇದು ಅವರಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಶ್ರಾವಣದ ಸಂಜೆಗಳಲ್ಲಿ ಮಠದ ಕಟ್ಟೆಯ ಮೇಲೆ ಕೂತು ಪುರಾಣ ಕೇಳಿದವರು. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. "ಹಾಡೋರು ಉಸಿರು ಬಿಟ್ಟ ಮೇಲೇ ಅರ್ಥ ಹೇಳೋರು ಬಾಯಿ ತೆರೀಬೇಕು. ಅದನ್ನ ಅಲ್ಲೇ ಕಲ್ತೆ" ಎನ್ನುತ್ತಾರೆ.

ಏಳು ವಾರದಲ್ಲಿ ನಾಲ್ಕು ತಾಲ್ಲೂಕು, ಹತ್ತೊಂಬತ್ತು ಪ್ರದರ್ಶನ. ಒಂದು ಊರಿನವರೂ ನಿಶ್ಚಿಂತೆಯಿಂದ ಕೂತು ನೋಡಿದ್ದಿಲ್ಲ. ಪುಕ್ಕಟೆ ಎಂಬುದೇ ಮೊದಲ ಅನುಮಾನ. ಜಗಳೂರಿನ ಹಳ್ಳಿಯೊಂದರಲ್ಲಿ ಗಂಡಸರು ಕೂರಲೇ ಇಲ್ಲ, ಬಾಗಿಲಿಗೆ ಒರಗಿ ನಿಂತೇ ನೋಡಿದರು. "ಕೊನೀಗೆ ಏನ್ ಮಾರ್ತೀಯಪ್ಪ? ಕುಕ್ಕರ್ರೋ, ಮಂಡಿನೋವಿನ ಎಣ್ಣೇನೋ?" ಏನೂ ಮಾರದೆ ಪರದೆ ಮಡಚಿದಾಗ ಅನುಮಾನ ಇನ್ನಷ್ಟು ಬಲವಾಯಿತು. ಒಬ್ಬಾಕೆ ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು: "ಅಷ್ಟಷ್ಟು ದೊಡ್ಡ ಕಣ್ಣು ಬರೆದಾರೆ, ದೃಷ್ಟಿ ತಾಕ್ತದೆ." ಆಮೆ ದೇವರೋ ದೆವ್ವವೋ ಎಂದು ಮಠದ ಕಡೆಯವರು ಕೇಳಿದರು, ಮಸೀದಿಯ ಕಡೆಯವರೂ ಕೇಳಿದರು. "ಬರೇ ಆಮೆ" ಎಂಬ ಉತ್ತರ ಇಬ್ಬರಿಗೂ ಹಿಡಿಸಲಿಲ್ಲ. "ಕೆಟ್ಟೋನು ಯಾರು ಇದ್ರಾಗೆ? ಯಾರೂ ಇಲ್ಲಾಂದ್ರೆ ನೀವೇ ಮುಚ್ಚಿಟ್ಟೀರಿ" ಎಂದ ಮುದುಕರೂ ಉಂಟು.

ಮುಚ್ಚಿಟ್ಟದ್ದು ಒಂದಿತ್ತು. ಅದು ಸಿಕ್ಕಿಬಿದ್ದದ್ದು ನ್ಯಾಮತಿ ತಾಲ್ಲೂಕಿನ ಸವಳಂಗದಲ್ಲಿ.

ಚಿತ್ರದ ಕೊನೆಗೆ ಆಮೆ ಅಜ್ಜಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ನಡುನೀರಿನ ಮಂಜಿನೊಳಗೆ ಹೋಗಿಬಿಡುತ್ತದೆ. ದಂಡೆಯಲ್ಲಿ ನಿಂತ ಮೊಮ್ಮಗಳು ಒಂದೇ ಮಾತು ಆಡುತ್ತಾಳೆ: ಅಜ್ಜಿ ತೀರಿಕೊಂಡಳು. ಆಮೇಲೆ ಆರು ನಿಮಿಷ ಯಾರೂ ಮಾತಾಡುವುದಿಲ್ಲ. ಆ ಮಾತಿನ ಜಾಗದಲ್ಲಿ ಅಲ್ಲಾಬಕ್ಷರು, "ಅಜ್ಜಿ ಊರಿಗೆ ಹೋದ್ಲು" ಎಂದರು. ಸವಳಂಗದಲ್ಲಷ್ಟೇ ಅಲ್ಲ, ಮೊದಲ ದಿನದಿಂದಲೂ ಹಾಗೇ ಹೇಳುತ್ತಿದ್ದರು.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ವಿನಯ್ ಕುಮಾರ್, ಚಿತ್ರದಲ್ಲಿ ಮಕ್ಕಳಿಗೆ ಆಗದ್ದೇನಾದರೂ ಇದೆಯೇ ಎಂದು ನೋಡಲೆಂದೇ ಬಂದು ಕೂತಿದ್ದರು. ಇಂಗ್ಲಿಷ್ ಸಾಲನ್ನು ಒಂದೂ ಬಿಡದೆ ಓದುತ್ತಿದ್ದವರು ಎದ್ದು ನಿಂತರು.

"ಅಲ್ಲಾಬಕ್ಷಣ್ಣ, ಅಲ್ಲಿ ಸತ್ತೋದ್ಲು ಅಂತ ಐತೆ. ನೀವು ಊರಿಗೆ ಹೋದ್ಲು ಅಂದ್ರಿ. ಇದೊಂದೇನಾ, ಇನ್ನೂ ಎಷ್ಟು ತಿರುಚೀರಿ?"

ಮೊಬೈಲಿನಲ್ಲಿ ಹಿಡಿದ ಆ ತುಣುಕು ಅವತ್ತೇ ವಾಟ್ಸಾಪ್ ಗುಂಪುಗಳಲ್ಲಿ ಹೊನ್ನಾಳಿಗೆ ಬಂತು. ನಾಲ್ಕು ದಿನದ ಮೇಲೆ ಕಿರಾಣಿ ಅಂಗಡಿಯ ಮಹೇಶ್ವರಪ್ಪ ತೀರಿಕೊಂಡಾಗ ಅಲ್ಲಾಬಕ್ಷರು ಎಂದಿನಂತೆ ಇಪ್ಪತ್ತೆರಡು ಕಡೆ ಸುದ್ದಿ ಹೇಳಿ ಬಂದರು. ಸಾವಿನ ಮನೆಗೆ ಫೋನಿನ ಮೇಲೆ ಫೋನು. "ಖರೇನಾ? ತೀರಿಕೊಂಡ್ರೋ, ಊರಿಗೆ ಹೋದ್ರೋ?" ಹೆಣದ ಪಕ್ಕ ಕೂತ ಮಗ ಒಬ್ಬೊಬ್ಬರಿಗೂ ಉತ್ತರ ಹೇಳಬೇಕಾಯಿತು. ಅದನ್ನು ಹೇಳುವಾಗ ಅಲ್ಲಾಬಕ್ಷರ ದನಿ ಇಳಿಯುತ್ತದೆ. "ಅವರ ಮನ್ಯಾಗೆ ಆ ದಿನ ಇನ್ನೊಂದು ನೋವು ನಾನೇ ಇಟ್ಟಂಗಾತು."

ಅಷ್ಟೊಂದು ಸಾವು ಸಾರಿದವರಿಗೆ ಬರೆದ ಚಿತ್ರದ ಸಾವೊಂದನ್ನು ಹೇಳಲು ಏಕೆ ಬಾಯಿ ಬರಲಿಲ್ಲ?

"ಬೀದ್ಯಾಗೆ ಹೇಳುವಾಗ ಮುಖ ಕಾಣಲ್ಲ ಕಣ್ರೀ. ಆಟೋ ಮುಂದೆ ಹೋಗ್ತಾ ಇರ್ತದೆ, ಅಳೋರು ಹಿಂದೆ ಉಳೀತಾರೆ. ಇಲ್ಲಿ ನಾನು ಸ್ಟೂಲ್ ಮೇಲೆ ಕುಂತಿರ್ತೀನಿ. ಮುಂದಿನ ಸಾಲಿನಾಗೆ ಮಕ್ಕಳು, ಅಜ್ಜಿಯರ ತೊಡೆ ಮೇಲೇ ಕುಂತಿರ್ತಾವೆ. ಹೆಂಗೆ ಹೇಳ್ಲಿ? ಪುರಾಣದಾಗೂ ಅರ್ಥ ಹೇಳೋರು ಒಂದು ಮಾತು ಕೂಡಿಸ್ತಾರೆ, ಒಂದು ಬಿಡ್ತಾರೆ. ಯಾರು ಕೇಳ್ತಾರೆ?"

ಒಣಗಿದ ಪರದೆ ಮಡಚಲು ಬಂದ ನುಜಹತ್ ಇದಕ್ಕೆ ಒಪ್ಪುವುದಿಲ್ಲ. "ಪುರಾಣ ಹೇಳೋರು ಮಾರನೇ ದಿನ ಅದೇ ಬಾಯಾಗೆ ಸಾವಿನ ಸುದ್ದಿ ಹೇಳಾಕೆ ಹೋಗಲ್ಲ ಅಬ್ಬಾ. ನಾನು ಬರೆದುಕೊಟ್ಟಿದ್ದು ಬರೆದಂಗೆ ಹೇಳೋದಾದ್ರೆ ಹೋಗ್ರಿ. ಇಲ್ಲಾಂದ್ರೆ ನೋಟ್‌ಬುಕ್ ವಾಪಸ್ ಕೊಡ್ರಿ."

ಅಪ್ಪ ನೋಟ್‌ಬುಕ್ಕನ್ನು ಆಟೋದ ಸೀಟಿನ ಕೆಳಗೆ ಇಡುತ್ತಾರೆ.

ಮಧ್ಯಾಹ್ನ ಮೂರು ಗಂಟೆ. ಚನ್ನಗಿರಿ ತಾಲ್ಲೂಕು, ಸೂಳೆಕೆರೆ ದಂಡೆಯ ಹಳ್ಳಿಯ ಸಮುದಾಯ ಭವನ. ಕಿಟಕಿಗಳಿಗೆಲ್ಲ ಟಾರ್ಪಾಲು ಕಟ್ಟಿ ಕತ್ತಲು ಮಾಡಿದ್ದಾರೆ. ನೂರಕ್ಕೂ ಹೆಚ್ಚು ಜನ. ಇಲ್ಲಿಗೂ ತುಣುಕು ಮುಟ್ಟಿದೆ. ಬಂದವರಲ್ಲಿ ಅರ್ಧಕ್ಕರ್ಧ ಜನ ನೋಡುತ್ತಿರುವುದು ಪರದೆಯನ್ನಲ್ಲ, ಅಲ್ಲಾಬಕ್ಷರನ್ನು. ಸವಳಂಗದಿಂದ ಬೈಕಿನಲ್ಲಿ ಬಂದ ವಿನಯ್ ಕುಮಾರ್ ಪರದೆಗೆ ತೀರ ಹತ್ತಿರ ಕೂತಿದ್ದಾರೆ. ಕೆರೆ ಕಾಣಿಸಿದ ಕೂಡಲೇ ಮೀನು ಹಿಡಿಯುವವರ ಗುಂಪಿನಿಂದ ಒಂದು ಮಾತು: "ದೋಣಿ ಹುಟ್ಟು ಹಾಕೋದು ಮಾತ್ರ ಸರಿಯಾಗಿ ಬರೆದಾನೆ ಮಾರಾಯ." ಅವತ್ತು ಚಿತ್ರಕ್ಕೆ ಸಿಕ್ಕ ಮೊದಲ ಒಳ್ಳೆ ಮಾತು ಅದು.

ಒಂದೂ ಮುಕ್ಕಾಲು ಗಂಟೆ ಕಳೆಯುತ್ತದೆ. ಆಮೆ ಮಂಜಿನೊಳಗೆ ತಿರುಗುತ್ತದೆ. ಮೊಮ್ಮಗಳು ಆ ಮಾತು ಆಡುತ್ತಾಳೆ. ಮುಂದಿನ ಸಾಲಿನಲ್ಲಿ ಎಂಬತ್ತು ದಾಟಿದ ಅಜ್ಜಮ್ಮ ಮರಿಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾರೆ. ಅಲ್ಲಾಬಕ್ಷರು ಅವರ ಮುಖ ನೋಡುತ್ತಾರೆ. ಈ ಸಲ ಕಣ್ಣು ತಪ್ಪಿಸುವುದಿಲ್ಲ. ಮೈಕನ್ನು ಬಾಯಿಗೆ ಹತ್ತಿರ ತಂದು, ಆಟೋದಲ್ಲಿ ಕೂತು ಹೇಳುವ ಅದೇ ದನಿಯಲ್ಲಿ, ನಿಧಾನವಾಗಿ ಹೇಳುತ್ತಾರೆ.

"ಅಜ್ಜಿ ತೀರಿಕೊಂಡರು."

ಪರದೆಯ ಮೇಲೆ ಮೊಮ್ಮಗಳು ಅಜ್ಜಿಯ ತಟ್ಟೆ ತೊಳೆದು ಬೋರಲು ಹಾಕುತ್ತಾಳೆ. ಆರು ನಿಮಿಷ. ಮಗು ಒಮ್ಮೆ ಅಜ್ಜಮ್ಮನ ಗದ್ದ ಮುಟ್ಟಿ ನೋಡಿ ಮತ್ತೆ ಪರದೆಯತ್ತ ತಿರುಗುತ್ತದೆ. ಯಾರೂ ಅಳುವುದಿಲ್ಲ.

ಚಿತ್ರ ಮುಗಿದು ಟಾರ್ಪಾಲು ಸರಿಸಿದಾಗ ಅಜ್ಜಮ್ಮ ಕೂತಲ್ಲಿಂದಲೇ ಕೇಳುತ್ತಾರೆ, "ಮಣ್ಣು ಎಷ್ಟೊತ್ತಿಗಪ್ಪ?"

ಜನ ನಗುವುದಿಲ್ಲ. ಅವರೂ ಉತ್ತರಕ್ಕೆ ಕಾಯುತ್ತಿರುವಂತೆ ಸ್ಟೂಲಿನ ಕಡೆ ನೋಡುತ್ತಾರೆ. ನಾಲ್ಕು ಗಂಟೆ ಎಂದೋ ಐದು ಗಂಟೆ ಎಂದೋ ಅಲ್ಲಾಬಕ್ಷರು ಹೇಳಬಹುದಿತ್ತು. "ಅದನ್ನ ಅವರು ಹೇಳಿಲ್ಲಮ್ಮ" ಎನ್ನುತ್ತಾರೆ. "ಹೇಳಿದ್ರೆ ನಾನೂ ಹೇಳ್ತಿದ್ದೆ."

ಹೊರಗೆ ಬೈಕ್ ಏರುವ ಮುನ್ನ ವಿನಯ್ ಕುಮಾರ್ ಹತ್ತಿರ ಬರುತ್ತಾರೆ. "ಇವತ್ತು ಒಂದಕ್ಷರ ತಪ್ಪಲಿಲ್ಲ. ಗುಂಪಿನಾಗೆ ಹಾಕ್ತೀನಿ. ಆದ್ರೂ ಆ ಆಮೆ ಮೇಲೆ ನನಗೆ ಡೌಟ್ ಐತೆ ಅಲ್ಲಾಬಕ್ಷಣ್ಣ."

"ನನಗೂ ಐತೆ" ಎಂದು ಅಲ್ಲಾಬಕ್ಷರು ಪರದೆ ಬಿಚ್ಚತೊಡಗುತ್ತಾರೆ.

ಮುಂದಿನ ಸೋಮವಾರ ಹೊನ್ನಾಳಿಯಲ್ಲಿ ಇನ್ನೊಂದು ಸಾವು, ನಿವೃತ್ತ ನರ್ಸ್ ಶಿವಗಂಗಮ್ಮನವರದು. ಇಪ್ಪತ್ತೆರಡು ಕಡೆ, ಮೂರು ಮೂರು ಸಲ. ಸುದ್ದಿ ಹೇಳಿ ಮುಗಿಸಿ ಅವರು ಮನೆಗೆ ಹೋಗಲಿಲ್ಲ, ಸಾವಿನ ಮನೆಯ ಎದುರು ಆಟೋ ನಿಲ್ಲಿಸಿಕೊಂಡು ಕೂತರು.

"ಯಾರಾದ್ರೂ ಫೋನ್ ಮಾಡಿ ಖಾತ್ರಿ ಮಾಡ್ಕೊಂಡ್ರಾ ಅಂತ ಅವರ ಮಗನ್ನ ಕೇಳ್ದೆ. ಇಲ್ಲ ಅಂದ. ದಾಸಪ್ಪ ಬಂದ, ಚಹಾದಂಗಡಿಯೋರು ಬಂದ್ರು. ಎಲ್ಲಾರೂ ನೇರ ಹಾರ ಹಿಡ್ಕೊಂಡೇ ಬಂದಿದ್ರು."