ಆಗಲಿ ಮಿಸ್ ಬಿಟ್ಟ ಬಾಣ

ಶಿಡ್ಲಘಟ್ಟದ ನಮ್ಮ ಹೈಸ್ಕೂಲಿನಲ್ಲಿ ಅನಸೂಯಮ್ಮನವರನ್ನು ಮಕ್ಕಳು ಹೆಸರು ಹಿಡಿದು ಕರೆದದ್ದೇ ಇಲ್ಲ. ಅವರು 'ಆಗಲಿ ಮಿಸ್'. ನೀರು ಕುಡಿದು ಬರ್ಲಾ ಎಂದರೆ ಆಗಲಿ, ನಾಳೆ ಬರಲ್ಲ ಎಂದರೂ ಆಗಲಿ. ಯಾರಾದರೂ 'ಓಕೆ' ಅಂದರೆ ಮಾತ್ರ ಈ ಕನ್ನಡ ಟೀಚರಿಗೆ ಮೈಯೆಲ್ಲ ಉರಿ. ಗಣಿತ ಕಲಿಸುವ ನಾನು ಆ ವಿಷಯಕ್ಕೆ ಅವರಿಂದ ಬೈಸಿಕೊಳ್ಳದ ವಾರವಿಲ್ಲ.

ಇಂಥವರು ಐವತ್ತು ದಾಟಿದ ಮೇಲೆ ಕ್ರಾಸ್‌ಬೋ ಹಿಡಿದರು. ನೀವು ನಗಬಹುದು, ನಾನೂ ನಕ್ಕಿದ್ದೆ. ಮಗಳನ್ನು ಚಿಕ್ಕಬಳ್ಳಾಪುರದ ಒಂದು ಕ್ಲಬ್ಬಿಗೆ ಬಿಲ್ಲುಗಾರಿಕೆ ಕಲಿಯಲು ಸೇರಿಸಿದರು. ಮಗಳು ಎರಡೇ ವಾರಕ್ಕೆ ಬಿಟ್ಟಳು, ತಾಯಿ ಬಿಡಲಿಲ್ಲ. ಬಂದೂಕಿನಂತೆ ಹೆಗಲಿಗೆ ಆನಿಸಿ ಟ್ರಿಗರ್ ಒತ್ತುವ ಆ ಅಡ್ಡಬಿಲ್ಲು ಅವರಿಗೆ ಹಿಡಿಸಿಬಿಟ್ಟಿತು. ಗುರಿಗೆ ಹೊಡೆಯುವುದು ಬೇಡವಂತೆ, ಎಲ್ಲರಿಗಿಂತ ದೂರ ಹೊಡೆಯಬೇಕಂತೆ! ಕ್ಲಬ್ಬಿನ ದೂರದ ದಾಖಲೆ ತೊಂಡೇಬಾವಿಯ ಕೇಶವ್ ಹೆಸರಿನಲ್ಲಿತ್ತು. ಅದನ್ನು ಮುರಿದೇ ತೀರುತ್ತೇನೆ ಎಂದು ಹಟ ಹಿಡಿದರು. ಹೆಗಲು ಆಗಲೇ ಕೈಕೊಡುತ್ತಿತ್ತು. ಈ ಬೇಸಿಗೆ ಮುಗಿದ ಮೇಲೆ ಬಿಲ್ಲು ಮುಟ್ಟಕೂಡದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

ಹೀಗೆ ನಾವು ಒಂದು ಭಾನುವಾರ ಬೆಳಗ್ಗೆ ದಿಬ್ಬೂರಹಳ್ಳಿ ಕಡೆಯ ಒಣಗಿದ ಕೆರೆಯ ಅಂಗಳದಲ್ಲಿ ಸೇರಿದೆವು. ಅಳತೆ ನೋಡಲು ಕೇಶವ್ ಅವರೇ ಬಂದು, ತಮ್ಮ ದಾಖಲೆಯ ದೂರಕ್ಕೆ ಸುಣ್ಣದ ಗೆರೆ ಎಳೆದಿದ್ದರು. ನಡುವೆ ಜಾಲಿ ಗಿಡಗಳಿದ್ದುದರಿಂದ ಬಾಣ ಬೀಳುವ ಜಾಗ ನಮಗೆ ಕಾಣುತ್ತಿರಲಿಲ್ಲ. ಅಲ್ಲಿ ಯಾರೂ ಇಲ್ಲವೆಂದು ನೋಡಿ ಹೇಳಲು, ಫೋನು ಕೊಟ್ಟು ಕದಿರಮ್ಮನನ್ನು ನಿಲ್ಲಿಸಿದ್ದೆವು. ಕದಿರಮ್ಮ ಅನಸೂಯಮ್ಮನವರ ಪಕ್ಕದ ಮನೆಯ ಟೈಲರು. ತವರು ಮುರುಗಮಲ್ಲದ ಹತ್ತಿರ, ಮನೆ ಮಾತು ತೆಲುಗು.

"ಜಾಗ ಖಾಲಿ ಇದ್ರೆ ಓಕೆ ಅಂತೀನಿ ಅಕ್ಕಾ" ಎಂದಳು ಕದಿರಮ್ಮ.

"ಓಕೆ ಗೀಕೆ ಬೇಡ. ಬಾಯ್ತುಂಬ ಆಗ್ಲಿ ಅನ್ನು."

"ಆಗ್ಲಕ್ಕಾ" ಎಂದು ನಗುತ್ತ ಹೋದಳು.

ಅನಸೂಯಮ್ಮ ಬಾಣ ಇಟ್ಟು, ಬಿಲ್ಲನ್ನು ಆಕಾಶಕ್ಕೆ ಓರೆಯಾಗಿ ಎತ್ತಿ ಕಾದರು. ಫೋನು ಸ್ಪೀಕರಿನಲ್ಲಿತ್ತು. ಗಾಳಿ ಬುಸ್ಸೆನ್ನುತ್ತಿತ್ತು. ಅದರೊಳಗಿಂದ ಕದಿರಮ್ಮನ ಕೂಗು ಬಂತು. "ಆಗ್ಲಕ್ಕಾ! ಆಗ್ಲಕ್ಕಾ!" ನನ್ನ ಕಿವಿಗೂ ಹಾಗೇ ಕೇಳಿಸಿತು, ದೇವರಾಣೆ. ಅವರು ಟ್ರಿಗರ್ ಒತ್ತಿದರು. ಬಾಣ ಜಾಲಿ ಗಿಡಗಳ ಮೇಲೆ ಎಲ್ಲೋ ಕಣ್ಮರೆಯಾಯಿತು.

"ಗೆರೆ ದಾಟ್ತೇನೇ ಕದಿರಮ್ಮಾ?" ಅನಸೂಯಮ್ಮನವರ ದನಿಯಲ್ಲಿ ಆಗಲೇ ನಗು ಇತ್ತು.

"ಅಯ್ಯೋ, ಮನುಷ್ಯ ಬಿದ್ದೋದ ಅಕ್ಕಾ!"

ಯಾವ ಮನುಷ್ಯ? ಖಾಲಿ ಜಾಗದಲ್ಲಿ ಮನುಷ್ಯ ಎಲ್ಲಿಂದ ಬಂದ? ಅನಸೂಯಮ್ಮ ಬಿಲ್ಲನ್ನು ಅಲ್ಲೇ ಎಸೆದು ಓಡಿದರು. ನಾವು ಹಿಂದೆ ಓಡಿದೆವು. ದಾರಿಯುದ್ದಕ್ಕೂ ಅವರು "ಕೊಂದ್ಬಿಟ್ಟೆ, ಕೊಂದ್ಬಿಟ್ಟೆ" ಎನ್ನುತ್ತಿದ್ದರು. ಬೇರೆ ಮಾತೇ ಇಲ್ಲ.

ಜಾಲಿ ದಾಟಿದರೆ ನೆಲದ ಮೇಲೆ ಒಬ್ಬ ಮುದುಕ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪಿನ ದೊಡ್ಡ ಹೊರೆ ಉರುಳಿತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಹೊತ್ತು ಕೆರೆಯೊಳಗಿನ ಅಡ್ಡದಾರಿಯಲ್ಲಿ ಬಂದವನು ಮುನಿಶಾಮಪ್ಪ. ಯಾರೂ ಒಳಗೆ ಬಾರದಿರಲೆಂದು ನಾವು ಸುತ್ತ ಕಟ್ಟಿದ್ದ ಕೆಂಪು ಬಟ್ಟೆಗಳನ್ನು ಯಾವುದೋ ಪಾರ್ಟಿಯ ಬಾವುಟ ಅಂದುಕೊಂಡನಂತೆ. ಬಾಣ ಅವನ ತಲೆಯ ಮೇಲಿನ ಹೊರೆಗೆ ಹೊಕ್ಕಿತ್ತು. ಹೊರೆ ತಿರುಗಿಸಿ ಸೊಪ್ಪು ಸರಿಸಿ ನೋಡಿದೆ. ಬಾಣದ ಮೊನೆಗೂ, ಹೊರೆಯ ಅಡಿಯಲ್ಲಿ ತಲೆಯ ಸಿಂಬಿ ಒತ್ತಿದ್ದ ಗುರುತಿಗೂ ನಡುವೆ ನಾಲ್ಕು ಬೆರಳು. ಅಷ್ಟೇ. ಅದನ್ನು ನೆನೆದರೆ ನನಗೆ ಇವತ್ತಿಗೂ ಅನ್ನ ಸೇರುವುದಿಲ್ಲ.

ಅನಸೂಯಮ್ಮ ಕದಿರಮ್ಮನ ಮೇಲೆ ಹರಿಹಾಯ್ದರು. "ಆಗ್ಲಕ್ಕಾ ಅಂದ್ಯಲ್ಲೇ! ಕಣ್ಣೆಲ್ಲಿಟ್ಟಿದ್ದೆ?"

"ನಾನೆಲ್ಲಿ ಹಂಗಂದೆ?" ಎಂದಳು ಕದಿರಮ್ಮ. "ಅಜ್ಜನ್ನ ನೋಡಿ ಭಯ ಆಗೋಯ್ತು, ಬಾಯಿಗೆ ತೆಲುಗೇ ಬಂತು. ಆಗಕ್ಕಾ, ಆಗಕ್ಕಾ ಅಂತ ಬಡ್ಕೊಂಡೆ!"

ತೆಲುಗಿನಲ್ಲಿ 'ಆಗು' ಎಂದರೆ ನಿಲ್ಲು. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಅದು ಗೊತ್ತಿಲ್ಲ? ಬಸ್ಸಿನಲ್ಲಿ, ಸಂತೆಯಲ್ಲಿ ದಿನಾ ಕೇಳುವ ಮಾತು. ನಿಲ್ಲಕ್ಕಾ ಎಂದು ಅವಳು ಅತ್ತರೆ, ನಡುವೆ ಇಲ್ಲದ ಒಂದು 'ಲ' ಸೇರಿಸಿಕೊಂಡು ನಾವು ಹೊಡೆಯಕ್ಕಾ ಎಂದು ಕೇಳಿಸಿಕೊಂಡಿದ್ದೆವು. ಆಗಲಿ ಎಂದೇ ಅನ್ನಬೇಕೆಂದು ಹಟ ಮಾಡಿದವರು ಅನಸೂಯಮ್ಮನವರೇ ಅಲ್ಲವೇ?

ಅಷ್ಟರಲ್ಲಿ ಕೇಶವ್ ಗೆರೆಯ ಕಡೆ ನೋಡಿ ಬಂದರು. "ಮೇಡಂ, ಅಜ್ಜ ನಿಂತಿದ್ದ ಜಾಗಾನೇ ನನ್ನ ಗೆರೆಗಿಂತ ಆಚೆ ಇದೆ. ದಾಖಲೆ ನಿಮ್ದೇ. ಬಾಣ ಮಾತ್ರ ಮುಟ್ಬೇಡಿ, ಅಳತೆ ಆಗೋವರೆಗೂ ಇದ್ದಲ್ಲೇ ಇರ್ಬೇಕು."

ಅನಸೂಯಮ್ಮ ಮಂಡಿಯೂರಿ ಎರಡೂ ಕೈಯಿಂದ ಬಾಣವನ್ನು ಹಿಡಿದು ಕಿತ್ತುಬಿಟ್ಟರು. ಸೊಪ್ಪು ಚೆಲ್ಲಿತು. "ಅಯ್ಯೋ ಮೇಡಂ!" ಎಂದರು ಕೇಶವ್. ಅನಸೂಯಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಚೆಲ್ಲಿದ ಸೊಪ್ಪನ್ನೆಲ್ಲ ಬಾಚಿ ಹೊರೆಗೆ ತುರುಕಿ, ಹಗ್ಗ ಬಿಗಿದರು.

ಮುನಿಶಾಮಪ್ಪ ಎದ್ದು ಪಂಚೆ ಕೊಡವಿ, ಸಿಂಬಿ ಸರಿಮಾಡಿಕೊಂಡ. "ಹುಳ ನಾಲ್ಕನೇ ಜ್ವರ ಎದ್ದವೆ ತಾಯಿ, ಪೊರೆ ಬಿಟ್ಟು ಹಸ್ಕೊಂಡಿರ್ತವೆ. ವಸಿ ಹೊರೆ ಎತ್ತಿ" ಎಂದ. ಅನಸೂಯಮ್ಮನವರೂ ನಾನೂ ಸೇರಿ ಎತ್ತಿದೆವು.

"ನಾನಿನ್ನು ಹೋಗ್ಲಾ?" ಎಂದು ಅವನು ಕೇಳಿದ.

ಇಪ್ಪತ್ತೈದು ವರ್ಷ ಸಾವಿರಾರು ಮಕ್ಕಳಿಗೆ ಒಂದೇ ಉತ್ತರ ಕೊಟ್ಟ ಬಾಯಿ ತೆರೆಯಿತು. ಮಾತು ಹೊರಡಲಿಲ್ಲ. ಪಾಪ, ಮುದುಕ ಭಾರ ಹೊತ್ತು ಅಪ್ಪಣೆಗೆ ಕಾದೇ ನಿಂತಿದ್ದ. ಕೊನೆಗೆ ನಾನೇ ಹೋಗಿ ಬನ್ನಿ ಎಂದೆ.