ಗಿರಿಜಕ್ಕನೊಡನೆ ಲ್ಯಾಪ್‌ಟಾಪ್ ಕೊಂಡದ್ದು

ಚಾರ್ಜರ್ ಹುಡುಕಲೆಂದು ಇವತ್ತು ಬೆಳಿಗ್ಗೆ ಹಳೆಯ ಲ್ಯಾಪ್‌ಟಾಪ್ ಚೀಲದ ಜಿಪ್ಪು ಎಳೆದೆ. ಚಾರ್ಜರ್ ಸಿಗಲಿಲ್ಲ, ಇಂಗು ಬೆರೆತ ಚಟ್ನಿಪುಡಿಯ ವಾಸನೆ ಸಿಕ್ಕಿತು. ಕಂಪ್ಯೂಟರ್ ಇಡುವ ಚೀಲಕ್ಕೆ ಚಟ್ನಿಪುಡಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಗಿರಿಜಕ್ಕನನ್ನು ಬಲ್ಲವರು ಕೇಳುವುದಿಲ್ಲ. ಖಾಲಿ ಜಾಗವಿರುವ ಯಾವ ಚೀಲವನ್ನೂ ಅವರು ಹಾಗೆಯೇ ಮನೆಗೆ ಹೋಗಲು ಬಿಡುತ್ತಿರಲಿಲ್ಲ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ನನಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸಹಾಯಕನಾಗಿ ದೆಹಲಿಗೆ ಬಂದವನು, ಲೋಧಿ ಕಾಲೋನಿಯ ಹಳೆಯ ಸರ್ಕಾರಿ ಮನೆಯೊಂದರಲ್ಲಿ ಹೆಂಡತಿಯೊಡನೆ ಇದ್ದೇನೆ. ಕೆಲಸಕ್ಕೆ ಸೇರಿದ ಮೊದಲನೇ ವಾರ ಕಾರಿಡಾರಿನಲ್ಲಿ ಯಾರೋ ಬಿಟ್ಟುಹೋದ ಕುರ್ಚಿಗೆ ಮೊಣಕಾಲು ಬಡಿದು "ಅಯ್ಯೋ ಶಿವನೇ" ಎಂದೆ. ಹಿಂದಿನಿಂದ ಒಂದು ಹೆಣ್ಣುದನಿ, "ಯಾವೂರಪ್ಪಾ?" ಎಂದಿತು. ಅವರೇ ಗಿರಿಜಕ್ಕ. ಪಕ್ಕದ ವಿಭಾಗದವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಮನೆ. ದೆಹಲಿಗೆ ಬಂದು ಅಷ್ಟು ವರ್ಷವಾಗಿದ್ದರೂ ಅವರ ಹಿಂದಿಯಲ್ಲಿ ಕನ್ನಡದ ಒಗ್ಗರಣೆಯ ಸದ್ದು ಕೇಳಿಸುತ್ತಿತ್ತು.

ಆಗ ನಮ್ಮ ಫೈಲುಗಳೆಲ್ಲ ಕಾಗದದವು. ಯಾರಾದರೂ ಓದಿ ಹೇಳಿದರೆ ಮಾತ್ರ ನನಗೆ ಕೆಲಸ. ನನ್ನ ವಿಭಾಗದಲ್ಲಿ ಓದಿ ಹೇಳುವವರು ಇರಲಿಲ್ಲವೆಂದಲ್ಲ, ಓದುವಾಗ ಅವರಿಗೆ ಬಹಳ ಆಕಳಿಕೆ ಬರುತ್ತಿತ್ತು. ಗಿರಿಜಕ್ಕ ದಿನಾ ಹನ್ನೊಂದು ಗಂಟೆಗೆ ತಮ್ಮ ವಿಭಾಗದಿಂದ ಎದ್ದು ಬಂದು, ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂರತೊಡಗಿದರು. ಯಾರು ಅನುಮತಿ ಕೊಟ್ಟರೋ ಗೊತ್ತಿಲ್ಲ, ಯಾರೂ ತಡೆಯಲಿಲ್ಲ. ಅವರ ಓದಿಗೆ ಒಂದು ಶೈಲಿಯಿತ್ತು. ವಿಷಯವನ್ನು ಇಂಗ್ಲಿಷಿನಲ್ಲಿ ಓದುವುದು, ಬರೆದವರ ಬುದ್ಧಿಮಟ್ಟವನ್ನು ಕನ್ನಡದಲ್ಲಿ ಹೇಳುವುದು. "ಇಲ್ಲಿಂದ ಎರಡು ಪ್ಯಾರಾ ಬರೀ ತೌಡು ಕುಟ್ಟಿದಾರೆ, ಮುಂದೆ ಹೋಗ್ತೀನಿ" ಎಂದು ಪುಟ ತಿರುವುತ್ತಿದ್ದರು. ಆರು ವರ್ಷ ನಾನು ಭಾರತ ಸರ್ಕಾರವನ್ನು ಗಿರಿಜಕ್ಕನ ಬಾಯಿಂದಲೇ ಕೇಳಿದೆ. ಅಷ್ಟು ರಂಜನೀಯವಾಗಿ ಬೇರೆ ಯಾರಿಗೂ ಅದು ಕೇಳಿಸಿರಲಾರದು.

ಆಮೇಲೆ ಫೈಲುಗಳು ಕಂಪ್ಯೂಟರಿಗೆ ಹೋದವು. ನನ್ನ ಮೇಜಿನ ಮೇಲೂ ಒಂದು ದೊಡ್ಡ ಕಂಪ್ಯೂಟರ್ ಬಂದು ಕೂತಿತು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದರಲ್ಲಿ ಹಾಕಿಸಿಕೊಡಿ ಎಂದು ನಾನು ಕೇಳುತ್ತಾ ಹೋದೆ, "ಹೋ ಜಾಯೇಗಾ", ಆಗುತ್ತೆ ಬಿಡಿ, ಎಂದು ಮೇಲಿನವರು ಹೇಳುತ್ತಾ ಹೋದರು. ಕೊನೆಗೆ ಯಾವುದೋ ಸುತ್ತೋಲೆಯ ಆಧಾರದ ಮೇಲೆ ನನಗೊಂದು ಅನುಮತಿ ಬಂತು: ನಿಮಗೆ ಅನುಕೂಲವಾದ ಚಿಕ್ಕ ಲ್ಯಾಪ್‌ಟಾಪನ್ನು ನೀವೇ ಆರಿಸಿ ತನ್ನಿ, ಬಿಲ್ಲು ಸಲ್ಲಿಸಿ. ಆ ಪತ್ರವನ್ನು ಓದಿ ಹೇಳಿದವರೂ ಗಿರಿಜಕ್ಕನೇ. ಓದಿ ಮುಗಿಸಿ, ಪತ್ರ ಮಡಚಿ ನನ್ನ ಕೈಗಿಟ್ಟು, "ಚಲೋ, ಶನಿವಾರ ಹೋಗೋಣ. ನೀನೊಬ್ಬನೇ ಹೋದ್ರೆ ಟೋಪಿ ಹಾಕಿ ಕಳಿಸ್ತಾರೆ" ಎಂದರು.

ದೆಹಲಿಯ ಕಂಪ್ಯೂಟರ್ ಸಂತೆಯಾದ ನೆಹರೂ ಪ್ಲೇಸಿಗೆ ಹೋದವರಿಗೆ ಗೊತ್ತು, ಅಲ್ಲಿ ಮೆಟ್ಟಿಲು ಇಳಿಯುವಷ್ಟರಲ್ಲಿ ಹತ್ತು ಜನ ಬಂದು ಕಿವಿಯ ಹತ್ತಿರ "ಲ್ಯಾಪ್‌ಟಾಪ್, ಲ್ಯಾಪ್‌ಟಾಪ್" ಎಂದು ಪಿಸುಗುಟ್ಟುತ್ತಾರೆ. ಗಿರಿಜಕ್ಕ ನನ್ನ ಮೊಣಕೈ ಹಿಡಿದು ಅವರ ನಡುವೆ ದೋಣಿ ಸಾಗಿಸುವಂತೆ ಸಾಗಿಸಿಕೊಂಡು ಒಂದು ಅಂಗಡಿಯೊಳಗೆ ನುಗ್ಗಿದರು. ಅಂಗಡಿಯವನು ಅವರನ್ನೇ ಕೇಳಿದ, "ಮೇಡಂ, ಸರ್ ಕೋ ಕ್ಯಾ ಚಾಹಿಯೇ?"

ಕಣ್ಣು ಕಾಣದವನಿಗೆ ಏನು ಬೇಕು ಎಂಬುದನ್ನು ಪಕ್ಕದಲ್ಲಿರುವವರನ್ನು ಕೇಳುವುದು ಲೋಕದ ರೂಢಿ. ಹೋಟೆಲಿನ ಮಾಣಿಯೂ ಹಾಗೆಯೇ ಕೇಳುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕ, "ಭಯ್ಯಾ, ಸರ್ ಕೋ ಕ್ಯಾ ಚಾಹಿಯೇ, ಸರ್ ಸೇ ಪೂಛೋ" ಎಂದರು, ಅವನನ್ನೇ ಕೇಳು ಎಂದು. ಎಂಥ ಮಾತು ಎಂದು ನನ್ನ ಎದೆ ಉಬ್ಬಿತು. ಮರುಕ್ಷಣ ಅವರೇ ನನ್ನ ಕಡೆ ತಿರುಗಿ, "ಈ ನೀಲಿ ಬಣ್ಣದ್ದು ತಗೋ, ನಿನಗೆ ಒಪ್ಪುತ್ತೆ" ಎಂದರು.

ಅಂಗಡಿಯವನು ಮೊದಲನೆಯದನ್ನು ತೆರೆದು ಅದರ ಪರದೆಯನ್ನು ಹೊಗಳತೊಡಗಿದ. ಬಣ್ಣ ಹೇಗಿದೆ ನೋಡಿ, ಬಿಸಿಲಿನಲ್ಲೂ ಎಷ್ಟು ಸ್ಪಷ್ಟ ನೋಡಿ. ನಾನು ತಾಳ್ಮೆಯಿಂದ ಕೇಳಿಸಿಕೊಂಡು, ಪರದೆಯೇ ಇಲ್ಲದ್ದು ಇದ್ದರೆ ಅದನ್ನೇ ಕೊಡಿ, ಹಗುರಾಗುತ್ತದೆ ಎಂದೆ. ಅವನು ನಗಬೇಕೋ ಬೇಡವೋ ತಿಳಿಯದೆ ನಿಂತದ್ದು ಅವನ ಉಸಿರಿನಲ್ಲೇ ಗೊತ್ತಾಯಿತು.

ನನಗೆ ಬೇಕಾದದ್ದು ಬೇರೆ. ಎಫ್ ಮತ್ತು ಜೆ ಗುಂಡಿಗಳ ಮೇಲೆ ಒಂದು ಸಣ್ಣ ಗೀರು ಎದ್ದಿರುತ್ತದೆ, ನೀವು ಗಮನಿಸಿರಲಾರಿರಿ. ಅದು ನನ್ನ ಮನೆಯ ಹೊಸ್ತಿಲು. ಅದು ಸವೆದಂತಿದ್ದರೆ ನಾನು ಅಕ್ಷರಗಳ ಓಣಿಯಲ್ಲಿ ದಾರಿ ತಪ್ಪುತ್ತೇನೆ. ಮೇಲೆ ಕೆಳಗೆ, ಅಕ್ಕಪಕ್ಕ ಹೋಗುವ ಬಾಣದ ಗುಂಡಿಗಳು ನಾಲ್ಕೂ ಬೇರೆಬೇರೆಯಾಗಿ ಬೆರಳಿಗೆ ಸಿಗಬೇಕು. ಚಿಕ್ಕ ಯಂತ್ರಗಳಲ್ಲಿ ಅವನ್ನು ಅರ್ಧಕ್ಕೆ ಕತ್ತರಿಸಿ ಒಂದರ ಮೇಲೊಂದು ಒತ್ತಿಟ್ಟಿರುತ್ತಾರೆ. ಯಂತ್ರವನ್ನು ಬಂದ್ ಮಾಡುವ ಗುಂಡಿ ಅಳಿಸುವ ಗುಂಡಿಯ ಪಕ್ಕದಲ್ಲೇ ಇರಬಾರದು. ಇಯರ್‌ಫೋನಿನ ತೂತು ಇರಲೇಬೇಕು. ಒಳಗಿನ ಫ್ಯಾನು ಗೊರಕೆ ಹೊಡೆಯಬಾರದು, ಏಕೆಂದರೆ ನಾನು ಇಡೀ ದಿನ ಕಿವಿ ಕೊಟ್ಟು ಕೂರುವವನು. ಸ್ಪೀಕರು ತಳದಲ್ಲಿದ್ದರೆ ತೊಡೆಯ ಮೇಲಿಟ್ಟ ಕೂಡಲೇ ಯಂತ್ರಕ್ಕೆ ಬಾಯಿ ಮುಚ್ಚಿದಂತಾಗುತ್ತದೆ.

ಒಂದೊಂದನ್ನೇ ಅಂಗೈಯಲ್ಲಿ ತೂಗಿ, ತಳ ಸವರಿ, ಕಿವಿಗೆ ಹಿಡಿದು ನೋಡಿದೆ. ಕೀಲಿಗಳನ್ನು ಬಡಿದು ಸದ್ದು ಕೇಳಿದೆ. "ತೆಂಗಿನಕಾಯಿ ಆರಿಸ್ತಿದೀಯಲ್ಲೋ, ಎಲ್ಲರೂ ನೋಡ್ತಿದಾರೆ" ಎಂದು ಗಿರಿಜಕ್ಕ ಪಿಸುಗುಟ್ಟಿದರು. ನೋಡಲಿ ಬಿಡಿ, ನನಗೇನು ಕಾಣುತ್ತದೆಯೇ ಎಂದೆ.

ಐದನೆಯದೋ ಆರನೆಯದೋ ಕೈಗೆ ಬಂದಾಗ ಬೆರಳುಗಳು ತಾವಾಗಿಯೇ ಸ್ವಸ್ಥಾನದಲ್ಲಿ ಕೂತವು. ಬಾಣಗಳು ಬೇರೆಬೇರೆಯಾಗಿದ್ದವು. ತೂಕ, ನಮ್ಮ ಕಚೇರಿಯ ಒಂದು ಮಧ್ಯಮ ಗಾತ್ರದ ಫೈಲಿನಷ್ಟು. ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದೆ, ಯಂತ್ರ ಇಂಗ್ಲಿಷಿನಲ್ಲಿ ಮಾತಾಡತೊಡಗಿತು. ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟು ವರ್ಷ ಇವನ್ನೇ ಮಾರುತ್ತಿದ್ದವನಿಗೆ ಇದು ಮಾತಾಡುತ್ತದೆಂದು ಗೊತ್ತಿರಲಿಲ್ಲ. "ಅಚ್ಛಾ, ಯೇ ಬೋಲ್ತಾ ಭೀ ಹೈ?" ಎಂದು, ನನ್ನನ್ನೇ ಮೊದಲ ಸಲ ಸರ್ ಎಂದು ಕರೆದು, ಮತ್ತೊಮ್ಮೆ ಮಾತಾಡಿಸಿ ತೋರಿಸಲು ಕೇಳಿದ. ಬೂದುಬಣ್ಣದ್ದಂತೆ ಅದು. ಗಿರಿಜಕ್ಕನಿಗೆ ಬಣ್ಣದ ಬಗ್ಗೆ ಬೇಸರವಿತ್ತು. ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಅವರು ಹೆಚ್ಚು ಮಾತಾಡಲಿಲ್ಲ, ಅದು ಬಣ್ಣದ ಕಾರಣಕ್ಕೇ ಎಂದುಕೊಂಡೆ. ಇಳಿಯುವಾಗ, ಮೊದಲೇ ತಂದಿದ್ದ ಚಟ್ನಿಪುಡಿಯ ಡಬ್ಬಿಯನ್ನು ಹೊಸ ಚೀಲದೊಳಗೆ ತುರುಕಿದರು. ಅದರ ಮುಚ್ಚಳ ಸಡಿಲವಿತ್ತು.

ಸೋಮವಾರದಿಂದ ನಾನು ಸ್ವತಂತ್ರನಾದೆ. ಯಂತ್ರ ಏನನ್ನೂ ಬಿಡದೆ ಓದುತ್ತಿತ್ತು: ಪುಟದ ಸಂಖ್ಯೆ, ಸಹಿ, ಪದನಾಮ, ತೌಡು, ಎಲ್ಲ. ಭಾರತ ಸರ್ಕಾರ ಇಷ್ಟು ನೀರಸವಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಗಿರಿಜಕ್ಕ ಹನ್ನೊಂದಕ್ಕೆ ಬಂದು ಪಕ್ಕದಲ್ಲಿ ಕೂತು, ಒಂದು ಇಯರ್‌ಫೋನನ್ನು ತಮ್ಮ ಕಿವಿಗಿಟ್ಟುಕೊಂಡು ಕೇಳಿ, "ಏನೋ ಇದು, ತಿಥಿಯ ಮಂತ್ರ ಹೇಳಿದ ಹಾಗಿದೆ" ಎಂದು ಎದ್ದುಹೋದರು.

ಮೂರನೆಯ ದಿನ, ಯಾವುದೋ ಉಲ್ಲೇಖಕ್ಕಾಗಿ ಎರಡು ವರ್ಷದ ಹಿಂದಿನ ಫೈಲೊಂದನ್ನು ತೆರೆದೆ. ಹಳೆಯ ಕಾಗದಗಳನ್ನೂ ಸ್ಕ್ಯಾನ್ ಮಾಡಿ ಏರಿಸಿದ್ದರು. ಕೈಬರಹ ನನ್ನ ಯಂತ್ರಕ್ಕೆ ದಕ್ಕುತ್ತಿರಲಿಲ್ಲ, ಟೈಪಾದದ್ದು ದಕ್ಕುತ್ತಿತ್ತು. ನನಗೆ ನೆನಪಿದ್ದ ಟಿಪ್ಪಣಿಯೇ ಅದು, ಗಿರಿಜಕ್ಕ ಓದಿ ಹೇಳಿದ್ದೇ. ಆದರೆ ಅವರು "ಇನ್ನು ಸಹಿ" ಎಂದಿದ್ದ ಕಡೆ ಯಂತ್ರ ನಿಲ್ಲಲಿಲ್ಲ. ಅದೇ ಉಸಿರಿನಲ್ಲಿ ಮುಂದುವರಿಸಿತು: ಸಂಬಂಧಪಟ್ಟ ಸಹಾಯಕರಿಗೆ ದೃಷ್ಟಿ ಇಲ್ಲದಿರುವುದರಿಂದ ಈ ವಿಷಯವನ್ನು ಬೇರೆಯವರಿಗೆ ವಹಿಸಬಹುದು, ಅವರಿಗೆ ಎಂದಿನಂತೆ ಹಗುರವಾದ ಕೆಲಸ ಕೊಡಬಹುದು.

ಎಂದಿನಂತೆ ಎಂಬ ಪದವನ್ನು ಹಿಂದಕ್ಕೆ ಹೋಗಿ ಎರಡು ಸಲ ಕೇಳಿದೆ. ಆಮೇಲೆ ಬೇರೆ ಹಳೆಯ ಫೈಲುಗಳನ್ನು ತೆರೆಯುತ್ತಾ ಹೋದೆ. ಅಂಥ ಸಾಲುಗಳನ್ನು ಬೆರಳು ಮಡಚಿ ಎಣಿಸಿದರೆ ಒಂದು ಕೈ ಸಾಲಲಿಲ್ಲ.

ನಾಚಿಕೆಯ ವಿಷಯವೊಂದಿದೆ, ನಿಮಗೆ ಹೇಳಿಬಿಡುತ್ತೇನೆ. ಆರು ವರ್ಷವೂ ನನ್ನ ಮೇಜು ಮೂರು ಗಂಟೆಗೆಲ್ಲ ಖಾಲಿಯಾಗುತ್ತಿತ್ತು. ಉಳಿದವರು ಫೈಲಿನ ರಾಶಿಯಲ್ಲಿ ಒದ್ದಾಡುವಾಗ ನಾನು ಕೈಕಟ್ಟಿ ಕೂತು, ನನ್ನಷ್ಟು ಚುರುಕಿನವನು ಈ ಕಚೇರಿಯಲ್ಲಿ ಇನ್ನೊಬ್ಬನಿಲ್ಲ ಎಂದು ಒಳಗೊಳಗೇ ಬೀಗಿದ್ದೆ. ಹೆಂಡತಿಯ ಮುಂದೆಯೂ ಕೊಚ್ಚಿಕೊಂಡಿದ್ದೆ.

ಊಟದ ಹೊತ್ತಿನಲ್ಲಿ ಗಿರಿಜಕ್ಕ ಹೊರಗಿನ ಹುಲ್ಲಿನ ಮೇಲೆ ಚಳಿಗಾಲದ ಬಿಸಿಲಿಗೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ವಾಸನೆ ಹಿಡಿದು ಹೋಗಿ ಎದುರಿಗೆ ನಿಂತೆ.

"ಆ ಸಾಲು ಯಾಕೆ ಓದಲಿಲ್ಲ?"

ಯಾವ ಸಾಲು ಎಂದು ಅವರು ಕೇಳಲಿಲ್ಲ. ಸುಲಿಯುವ ಸದ್ದು ನಿಂತಿತು.

"ಕೂತ್ಕೋ."

"ಆರು ವರ್ಷ ಗಿರಿಜಕ್ಕ. ನಾನು ಏನೋ ದೊಡ್ಡ ಕೆಲಸಗಾರ ಅಂದ್ಕೊಂಡಿದ್ದೆ. ನೀವೂ ಹಾಗೇ ಅಂದ್ಕೊಳ್ಳಕ್ಕೆ ಬಿಟ್ರಿ."

"ಓದಿದ್ರೆ ಏನು ಮಾಡ್ತಿದ್ದೆ?"

"ಜಗಳ ಆಡ್ತಿದ್ದೆ. ಗೆಲ್ತಿದ್ನೋ ಇಲ್ವೋ, ಅದು ನನ್ನ ಜಗಳ."

ನಾನು ಹಿಂದೆಂದೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದರು. "ಬರೆದೋರು ಬರೆದು ಹೋದ್ರು ಕಣೋ. ಅದನ್ನ ನಿನಗೆ ಹೇಳೋ ಬಾಯಿ ನಂದಾಗ್ಬೇಕಿತ್ತಲ್ಲ. ಮೊದಲನೇ ಸಲ ನಾಲಿಗೆ ಏಳಲಿಲ್ಲ, ಬಿಟ್ಟೆ. ಎರಡನೇ ಸಲ ಓದಿದ್ರೆ ಮೊದಲನೇದನ್ನೂ ಹೇಳ್ಬೇಕಾಗುತ್ತೆ ಅಂತ ಬಿಟ್ಟೆ. ಆಮೇಲೆ ಅಭ್ಯಾಸ ಆಯ್ತು."

ನಾನು ಎದ್ದು ಬಂದೆ. ಒಂದು ವಾರ ಎರಡೂ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಓದಲು ಏನೂ ಇಲ್ಲದಾಗಲೂ ಓದುವವನ ಹಾಗೆ ಕೂತೆ. ಹನ್ನೊಂದು ಗಂಟೆಗೆ ಅವರು ಬರಲಿಲ್ಲ. ಯಂತ್ರ ಸಮಯ ಹೇಳುತ್ತಿತ್ತು, ಹನ್ನೊಂದು, ಹನ್ನೊಂದೂ ಹತ್ತು. ಸಮಯ ಕೇಳುವ ಗುಂಡಿಯನ್ನು ಅಷ್ಟು ಸಲ ಒತ್ತಿದವನು ನಾನೇ.

ಆ ವಾರದಲ್ಲಿ ಒಂದು ಟಿಪ್ಪಣಿ ಬರೆದೆ. ನನಗೆ ಹಗುರವಾದ ಕೆಲಸ ಬೇಡ, ಸಂಸತ್ತಿನ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವ ಕೆಲಸ ಕೊಡಿ, ಎಲ್ಲರಂತೆ ನಾನೂ ಮಾಡುತ್ತೇನೆ ಎಂದು. ಬರೆದು ಅಳಿಸಿ ಬರೆದು, ಕೊನೆಗೆ ಯಾರಿಗಾದರೂ ತೋರಿಸಬೇಕೆನಿಸಿತು. ತೋರಿಸುವಂಥವರು ಒಬ್ಬರೇ. ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದ ವಿಭಾಗಕ್ಕೆ ಹೋಗಿ, ಅವರ ಮೇಜಿನ ಮೇಲಿಟ್ಟು, ಮೆಲ್ಲನೆ ಕೇಳಿಸುವಂತೆ ಓದಿಸಿದೆ.

ಗಿರಿಜಕ್ಕ ಪೂರ್ತಿ ಕೇಳಿದರು. "ವಿನಮ್ರವಾಗಿ ಕೋರುತ್ತೇನೆ ಅಂತಿದೆಯಲ್ಲ, ಆ ವಿನಮ್ರ ತೆಗಿ."

"ಯಾಕೆ?"

"ಕೆಲಸ ಕೇಳ್ತಿದೀಯೋ, ಭಿಕ್ಷೆ ಕೇಳ್ತಿದೀಯೋ?"

ತೆಗೆದೆ. ಮೇಲಿನವರು ಒಪ್ಪಿದರು, ಬಹುಶಃ ಆಶ್ಚರ್ಯದಿಂದ. ಸಂಸತ್ತಿನ ಅಧಿವೇಶನ ಶುರುವಾದ ಮೇಲೆ ಗೊತ್ತಾಯಿತು ನಾನು ಏನು ಕೇಳಿಕೊಂಡಿದ್ದೆನೆಂದು. ಮಧ್ಯಾಹ್ನ ಮೂರಕ್ಕೆ ಖಾಲಿಯಾಗುತ್ತಿದ್ದ ಮೇಜು ಸಂಜೆ ಏಳಾದರೂ ಖಾಲಿಯಾಗುತ್ತಿರಲಿಲ್ಲ. ಮೊದಲ ತಿಂಗಳು ಎರಡು ಉತ್ತರಗಳನ್ನು ತಪ್ಪು ಮಾಡಿ, ಎಲ್ಲರಂತೆ ನಾನೂ ಬೈಸಿಕೊಂಡೆ. ಆ ಬೈಗುಳ ನನ್ನ ಮುಖಕ್ಕೇ ಬಂತು, ಫೈಲಿನಲ್ಲಿ ಅಡಗಿ ಬರಲಿಲ್ಲ. ಅವತ್ತು ಮನೆಗೆ ಹೋಗಿ ಹೆಂಡತಿಗೆ ಹಿಗ್ಗಿನಿಂದ ಹೇಳಿದೆ. ಬೈಸಿಕೊಂಡು ಇಷ್ಟು ಖುಷಿಪಡುವವರನ್ನು ಅವಳು ನೋಡಿರಲಿಲ್ಲವಂತೆ.

ಗಿರಿಜಕ್ಕ ಮತ್ತೆ ಹನ್ನೊಂದಕ್ಕೆ ಬರತೊಡಗಿದರು. ಫೈಲು ಓದುವ ಕೆಲಸವಿಲ್ಲದ್ದರಿಂದ ಕಚೇರಿಯ ಮುಖಗಳನ್ನು ಓದಿ ಹೇಳುತ್ತಿದ್ದರು: ಸಾಹೇಬರು ಮೀಸೆಗೆ ಬಣ್ಣ ಹಚ್ಚಿದ್ದಾರೆ, ಎದುರಿನವನು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದಾನೆ. ಇದನ್ನು ಓದುವ ಯಂತ್ರ ಇನ್ನೂ ನನಗೆ ಸಿಕ್ಕಿಲ್ಲ.

ಈಗ ಅವರು ನಿವೃತ್ತರಾಗಿ ನೋಯ್ಡಾದಲ್ಲಿ ಮಗಳ ಜೊತೆ ಇದ್ದಾರೆ. ಕನ್ನಡಿಗರ ಸಂಘವೊಂದರ ಸ್ಮರಣ ಸಂಚಿಕೆಗೆ ತಮ್ಮ ಕಚೇರಿಯ ನೆನಪುಗಳನ್ನು ಫೋನಿನಲ್ಲೇ ಟೈಪು ಮಾಡಿ, ಕಾಗುಣಿತ ತಿದ್ದಿಕೊಡು ಎಂದು ಹೋದ ವಾರ ನನಗೆ ಕಳಿಸಿದರು. ಯಂತ್ರದ ಕನ್ನಡ ದನಿಯಲ್ಲಿ ಕೇಳುತ್ತಾ ಹೋದೆ. ಮೂರನೆಯ ಪುಟದಲ್ಲಿ ನಾನು ಬಂದೆ. "ನಮ್ಮ ಆಫೀಸಿನಲ್ಲಿ ಒಬ್ಬ ಕುರುಡ ಹುಡುಗನಿದ್ದ. ಬಢಪಾಯಿ. ಆರು ವರ್ಷ ಅವನಿಗೆ ನಾನೇ ಕಣ್ಣಾಗಿದ್ದೆ."

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಆಮೇಲೆ ತಿದ್ದುವುದನ್ನು ತಿದ್ದಿ, ಅವರಿಗೆ ಫೋನು ಮಾಡಿದೆ.

"ಪೂರ್ತಿ ಓದಿದ್ಯಾ?"

"ಪೂರ್ತಿ."

"ಏನಾದ್ರೂ ತೆಗೀಬೇಕಾ?"

"ಏನೂ ಬೇಡ. ಬಡಪಾಯಿಗೆ ಮಹಾಪ್ರಾಣ ಕೊಟ್ಟಿದ್ರಿ. ಅಲ್ಪಪ್ರಾಣ ಮಾಡಿದೀನಿ."

ಆ ಕಡೆ ಕುಕ್ಕರು ಒಂದು ಸಲ ಕೂಗಿತು.

"ಆ ಸಾಲು ಇರಲಾ?" ಎಂದರು ಗಿರಿಜಕ್ಕ.

"ಇರಲಿ. ನೀವು ಬರೆದಿದ್ದಲ್ವಾ. ಆದ್ರೆ ಹುಡುಗ ಅಂದಿದೀರಿ, ನನಗೀಗ ನಲವತ್ತೈದು."

"ನನ್ನ ಮುಂದೆ ಹುಡುಗನೇ. ಬೇಕಾದ್ರೆ ನೀನೂ ಬರಿ ನನ್ನ ಬಗ್ಗೆ. ಏನೂ ಬಿಡ್ಬೇಡ, ನಾನೇನು ಬೇಜಾರು ಮಾಡ್ಕೊಳಲ್ಲ."

ಹಾಗಾಗಿ ಇವತ್ತು ಇದನ್ನು ಬರೆದೆ. ಕಳಿಸುವ ಮೊದಲು ಯಂತ್ರದಿಂದ ಒಮ್ಮೆ ಓದಿಸಿ ಕೇಳಿದೆ. ಅವರ ಬಗ್ಗೆ ನಾನು ಬರೆದಿದ್ದ ಒಂದು ಸಾಲು, ನಿಜವೇ ಆಗಿದ್ದರೂ, ಕೇಳಿಸಿಕೊಂಡಾಗ ಚುಚ್ಚಿದಂತಾಯಿತು. ಅದೊಂದನ್ನು ಅಳಿಸಿದ್ದೇನೆ. ಯಾವುದು ಎಂದು ನೀವು ಕೇಳಬೇಡಿ, ಅವರಿಗೂ ಹೇಳಬೇಡಿ.